ಗುತ್ತಲದ ಮೂಗು

ನಮ್ಮ ಮನೆಗೆ ಮೊದಲ ಸಲ ಬಂದವರು ಹೊಸ್ತಿಲಲ್ಲೇ ಸೀನುತ್ತಿದ್ದರು. ಬಂದವರು ಎಲ್ಲಿಯವರು, ಎಷ್ಟು ಹತ್ತಿರದವರು ಎಂಬುದನ್ನು ಒಳಗೆ ಒಲೆಯ ಮುಂದೆ ಕುಳಿತ ಆಯಿ, ಅಂದರೆ ಅಪ್ಪನ ತಾಯಿ, ಸೀನಿನ ಮೇಲೆಯೇ ಹೇಳಿಬಿಡುತ್ತಿದ್ದಳು. ಒಂದೇ ಸೀನು ಸೀನಿ ಸುಮ್ಮನಾದರೆ ಬ್ಯಾಡಗಿಯವರೇ, ಬೇರೆ ಓಣಿಯವರು. ಸಾಲುಗಟ್ಟಿ ಸೀನಿದರೆ ಹಾವೇರಿಯವರೋ ರಾಣೆಬೆನ್ನೂರಿನವರೋ ಇರಬೇಕು. ಸೀನಿ, ಕೆಮ್ಮಿ, ಕಣ್ಣೊರೆಸಿಕೊಳ್ಳುತ್ತ ತಿರುಗಿ ಹೋಗಿ ಹೊರಗಿನ ಕಟ್ಟೆಯ ಮೇಲೆ ಕುಳಿತರೆ ಅವರು ಬೆಂಗಳೂರು ಕಡೆಯ ಬೀಗರು. ಅವರಿಗೆ ಚಹಾ ಹೊರಗೇ ಹೋಗುತ್ತಿತ್ತು. ಮನೆಯ ಮುಂಭಾಗದಲ್ಲಿ ಖಾರ ಕುಟ್ಟುವ ಗಿರಣಿ, ಹಿಂಭಾಗದಲ್ಲಿ ನಾವು. ನಡುವೆ ಒಂದು ಬಾಗಿಲಿತ್ತು. ಅದನ್ನು ಯಾರೂ ಮುಚ್ಚಿದ್ದನ್ನು ನಾನು ಕಂಡಿಲ್ಲ. ಗಿರಣಿಯ ದಡದಡ ಸದ್ದು ನಿಂತರೆ ತೊಟ್ಟಿಲಲ್ಲಿದ್ದ ಕೂಸು ಎದ್ದು ಅಳುವಂಥ ಮನೆ ಅದು. ಕೆಂಪು ಪುಡಿ ದೇವರ ಜಗಲಿಯ ಮೇಲೆ, ಗಡಿಯಾರದ ಗಾಜಿನ ಮೇಲೆ, ನನ್ನ ಪಾಠದ ಪುಸ್ತಕದ ಹಾಳೆಗಳ ನಡುವೆ ಕೂರುತ್ತಿತ್ತು. ಶನಿವಾರ ಸಾಲೆಗೆ ಎಲ್ಲರೂ ಬಿಳಿ ಸಮವಸ್ತ್ರದಲ್ಲಿ ಬಂದರೆ ನನ್ನದು ಮಾತ್ರ ಗುಲಾಬಿ. ನಮ್ಮದೊಂದು ಬಿಳಿ ಬೆಕ್ಕಿತ್ತು. ಓಣಿಯವರೆಲ್ಲ ಅದನ್ನು ಕೆಂದ ಬೆಕ್ಕು ಎಂದೇ ಕರೆಯುತ್ತಿದ್ದರು.

ಆ ಗಾಳಿಯಲ್ಲೇ ಹುಟ್ಟಿ ಬೆಳೆದ ನಮಗೆ ಮಾತ್ರ ಏನೂ ಆಗುತ್ತಿರಲಿಲ್ಲ. ಅಪ್ಪ ಆ ಮನೆಯಲ್ಲೇ ಹುಟ್ಟಿದವನು. ಅವ್ವ ಎರಡು ಓಣಿ ಆಚೆಯ ಮೆಣಸಿನಕಾಯಿ ವ್ಯಾಪಾರಿಯ ಮಗಳು. ಆಯಿಯಂತೂ ಗಿರಣಿಗಿಂತ ಹಳೆಯವಳು. ಸೀನದೇ ಕೆಮ್ಮದೇ ಬದುಕುವುದು ಒಳ್ಳೆಯದೇ ಅಲ್ಲವೇ ಎಂದು ನೀವು ಕೇಳಬಹುದು. ಅದರಲ್ಲೊಂದು ಫಜೀತಿ ಇತ್ತು. ಅದು ನೆದರಿನ ಫಜೀತಿ. ನೆದರೆಂದರೆ ದೃಷ್ಟಿ, ಕೆಟ್ಟ ಕಣ್ಣು. ಮಕ್ಕಳಿಗೆ ಜ್ವರ ಬಂದರೆ, ಎಮ್ಮೆ ಒದ್ದರೆ, ಗಿರಣಿಯ ಬೆಲ್ಟು ಹರಿದರೆ ಆಯಿ ಮುಷ್ಟಿಯಲ್ಲಿ ಉಪ್ಪು, ಸಾಸಿವೆ, ಒಣ ಮೆಣಸಿನಕಾಯಿ ಹಿಡಿದು ಮೇಲಿಂದ ಕೆಳಗೆ ನಿವಾಳಿಸಿ ಕೆಂಡಕ್ಕೆ ಹಾಕುತ್ತಿದ್ದಳು. ಶಾಸ್ತ್ರ ಎಲ್ಲರಿಗೂ ಗೊತ್ತಿದ್ದದ್ದೇ. ಮೆಣಸಿನಕಾಯಿ ಸುಟ್ಟು ಘಾಟು ಎದ್ದು ಮಂದಿ ಕೆಮ್ಮಿದರೆ ನೆದರು ಇಲ್ಲ, ಎಲ್ಲ ಸುಖ. ಸುಟ್ಟರೂ ಘಾಟು ಹತ್ತಲಿಲ್ಲವೆಂದರೆ ನೆದರು ತಗುಲಿದೆ, ಅದೇ ಘಾಟನ್ನು ನುಂಗಿದೆ. ಬೇರೆ ಮನೆಗಳಲ್ಲಿ ಇದು ಸರಳ. ನಮ್ಮಲ್ಲಿ ಚೀಲಗಟ್ಟಲೆ ಸುಟ್ಟರೂ ಕೆಮ್ಮುವವರಿರಲಿಲ್ಲ. ಆಯಿಯ ಪ್ರಕಾರ ಇಡೀ ಬ್ಯಾಡಗಿ ಊಟ ತಿಂಡಿ ಬಿಟ್ಟು ನಮ್ಮ ಮನೆಯ ಮೇಲೆಯೇ ಕಣ್ಣಿಟ್ಟು ಕುಳಿತಿತ್ತು. ಕೊನೆಗೆ ಅವಳೇ ಉಪಾಯ ಹುಡುಕಿದಳು. ನೆದರು ತೆಗೆಯುವಾಗ ಹೊರಗಿನವರನ್ನು ಹಿಡಿದು ಒಲೆಯ ಬಳಿ ಕೂರಿಸತೊಡಗಿದಳು. ನನಗೆ ಜ್ವರ ಬಂದಾಗ ಅಂಚೆಯವನು ಸಿಕ್ಕಿಬಿದ್ದದ್ದು ನೆನಪಿದೆ.

“ಕುಂಡ್ರೋ ತಮ್ಮಾ, ಒಂದೀಟ ಚಾ ಕುಡದ ಹೋಗು.”

“ಯಮ್ಮಾ, ಟಪಾಲು ಹಂಚೂದೈತ್ರಿ, ನನ್ನ ಬಿಡ್ರಿ...”

ಅಷ್ಟರಲ್ಲಿ ಕೆಂಡಕ್ಕೆ ಮೆಣಸಿನಕಾಯಿ ಬಿದ್ದಿತ್ತು. ಅಂಚೆಯವನು ಟೊಪ್ಪಿಗೆ ತೆಗೆದು ಮೂಗಿಗೆ ಹಿಡಿದು ಎದೆ ಕಿತ್ತು ಬರುವಂತೆ ಕೆಮ್ಮಿದ. ಆಯಿಯ ಮುಖ ಅರಳಿತು.

“ಕೆಮ್ಮಿದ ನೋಡ್ರಿ! ಕೂಸಿಗೆ ಏನೂ ಆಗಿಲ್ಲ. ಬರೇ ಜ್ವರಾ.”

ಅಂದಿನಿಂದ ಅಂಚೆಯವನು ನಮ್ಮ ಕಾಗದಗಳನ್ನು ಎದುರು ಮನೆಯಲ್ಲಿ ಕೊಟ್ಟು ಹೋಗುತ್ತಿದ್ದ.

ಇಂಥ ಮನೆಗೆ ಚಿಗವ್ವ, ಅಂದರೆ ಚಿಕ್ಕಮ್ಮ, ಸೊಸೆಯಾಗಿ ಬಂದಳು. ಗುತ್ತಲದವಳು, ಹೆಸರು ಶೋಭಾ. ಹೊಳೆಯ ಕಡೆಯ ಊರು, ತಣ್ಣನೆಯ ಗಾಳಿ. ಮದುವೆಯಾಗಿ ಮನೆ ತುಂಬಿಸಿಕೊಳ್ಳುವಾಗ ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿದ್ದರು. ಬಲಗಾಲಿನಿಂದ ಮೆಲ್ಲಗೆ ಒದೆಯಬೇಕು. ಗಿರಣಿಯ ಗಾಳಿ ಮೂಗಿಗೆ ಹೊಕ್ಕಿದ್ದೇ ಅವಳು ಕೆಮ್ಮಿದ ರಭಸಕ್ಕೆ ಸೇರು ನಡುಮನೆ ದಾಟಿ ಎಮ್ಮೆಯ ಗೋದಲಿಯ ತನಕ ಉರುಳಿತು. ಬೀಗರ ಕಡೆಯವರಿಗೆ ನಾಚಿಕೆಯಾಯಿತು. ಆಯಿ ಮಾತ್ರ ನಿಂತಲ್ಲೇ ಕೈ ಮುಗಿದಳು. ಮನೆಗೆ ಲಕ್ಷ್ಮಿ ಬಂದಳೋ ಇಲ್ಲವೋ, ಕೆಮ್ಮುವವಳಂತೂ ಬಂದಿದ್ದಳು. ಇನ್ನು ಅಂಚೆಯವನ ಕಾಲು ಹಿಡಿಯಬೇಕಿರಲಿಲ್ಲ. “ನಮ್ಮ ಸಣ್ಣ ಸೊಸಿದು ಗುತ್ತಲದ ಮೂಗು, ಸುಳ್ಳ ಹೇಳೂದಿಲ್ಲ” ಎಂದು ಓಣಿಯೆಲ್ಲ ಹೇಳಿಕೊಂಡು ಬಂದಳು. ಒಂದೆರಡು ಮನೆಯವರು ನೆದರು ತೆಗೆಯಲು ಚಿಗವ್ವನನ್ನು ಕಡ ಕೇಳಿದರು. ಆಯಿ ಕೊಡಲಿಲ್ಲ.

ಚಿಗವ್ವನ ಗಂಡ, ಅಪ್ಪನ ತಮ್ಮ ವೀರೇಶ ಕಾಕಾ, ಮಿಲಿಟರಿಯಲ್ಲಿದ್ದ. ಅವನು ಬದುಕಿ ಬಂದ ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ. ಆಯಿ ಇದ್ದಿದ್ದರೆ, ಮೊದಲು ಅದನ್ನು ಹೇಳಿ ಆಮೇಲೆ ಕತೆ ಹೇಳು ಎಂದು ಗದರುತ್ತಿದ್ದಳು. ಈಗ ಅವನು ರಾಣೆಬೆನ್ನೂರಿನಲ್ಲಿ ಖಾನಾವಳಿ ನಡೆಸುತ್ತಾನೆ, ತಟ್ಟೆಯಲ್ಲಿ ಅನ್ನ ಬಿಟ್ಟವರನ್ನು ಬೈಯುತ್ತಾನೆ. ಮಿಲಿಟರಿಯಲ್ಲೂ ಅವನ ಕೆಲಸ ಅಡಿಗೆಯೇ. ಊರವರಿಗೆ ನಾವು ಅಷ್ಟು ಬಿಡಿಸಿ ಹೇಳುತ್ತಿರಲಿಲ್ಲ. ಪಡಸಾಲೆಯಲ್ಲಿ ತೂಗುಹಾಕಿದ ಫೋಟೋದಲ್ಲಿ ಅವನು ಬಂದೂಕು ಹಿಡಿದು ಮೀಸೆ ತಿರುವಿ ನಿಂತಿದ್ದ. ನಿಮ್ಮ ಕಾಕಾ ಎಷ್ಟು ಮಂದಿಗೆ ಗುಂಡು ಹೊಡೆದಿದ್ದಾನೆ ಎಂದು ಸಾಲೆಯಲ್ಲಿ ಕೇಳಿದರೆ ನಾನು, ಮಿಲಿಟರಿ ಗುಟ್ಟು, ಹೇಳಬಾರದು ಎನ್ನುತ್ತಿದ್ದೆ. ಅವನು ದಿನಾ ಹೊಡೆಯುತ್ತಿದ್ದದ್ದು ತೊಗರಿಬೇಳೆಗೆ ಒಗ್ಗರಣೆ.

ಕಾಕಾ ರವಿವಾರ ಮುಂಜಾನೆ ಫೋನು ಮಾಡುತ್ತಿದ್ದ. ಫೋನು ಗಿರಣಿಯಲ್ಲಿತ್ತು, ಪುಡಿ ಕೂರದಂತೆ ಹಳೆಯ ಪಂಜೆ ಸುತ್ತಿಕೊಂಡು ಬಾಣಂತಿಯಂತೆ ಮೂಲೆಯಲ್ಲಿ ಕೂತಿರುತ್ತಿತ್ತು. ಫೋನು ಬಂದರೆ ಅಪ್ಪ ಗಿರಣಿ ನಿಲ್ಲಿಸುತ್ತಿದ್ದ. ರವಿವಾರ ಖಾರ ಕುಟ್ಟಿಸಲು ಬರುವವರು ಹೆಚ್ಚು. ಡಬ್ಬಿ ಹಿಡಿದು ಸಾಲಾಗಿ ಕುಳಿತ ಹೆಂಗಸರೆಲ್ಲ ಮಾತು ನಿಲ್ಲಿಸಿ ಕಿವಿಯಾಗುತ್ತಿದ್ದರು. ಹೊಸದಾಗಿ ಮದುವೆಯಾದ ಚಿಗವ್ವ ಅಷ್ಟು ಮಂದಿಯ ನಡುವೆ ರಿಸೀವರ್ ಹಿಡಿದು ಗೋಡೆಗೆ ಮುಖ ಮಾಡಿ “ಹೂಂ” ಎನ್ನುತ್ತಿದ್ದಳು. ಸ್ವಲ್ಪ ಬಿಟ್ಟು ಇನ್ನೊಂದು “ಹೂಂ”. ಆಮೇಲೆ ಫೋನು ಇಟ್ಟುಬಿಡುತ್ತಿದ್ದಳು.

“ಇನ್ನೊಂದೀಟ ಮಾತಾಡಬೇಕಿಲ್ಲವಾ? ನಮಗೇನ ಅವಸರಿಲ್ಲ,” ಎಂದು ಸಾಲಿನಿಂದ ಯಾರಾದರೂ ಬೇಸರ ಮಾಡಿಕೊಳ್ಳುತ್ತಿದ್ದರು.

ಗಡಿಯಲ್ಲಿ ಎರಡೂ ಕಡೆಯ ಸೈನ್ಯ ಎದುರಾಬದುರಾ ಬಂದು ನಿಂತದ್ದು ಆ ವರ್ಷ. ಕಾಕಾ ರಜೆಯ ಮೇಲೆ ಬಂದಿದ್ದ. ಚಿಗವ್ವನನ್ನು ಕರೆದುಕೊಂಡು ಹಾವೇರಿಗೆ ಸಿನಿಮಾಕ್ಕೆ ಹೋಗಬೇಕೆಂದು ಅಂಗಿಗೆ ಇಸ್ತ್ರಿ ಮಾಡಿಸಿಟ್ಟಿದ್ದ. ಕೂಡಲೇ ಮರಳಿ ಬರಬೇಕೆಂದು ಕರೆ ಬಂತು. ಇಸ್ತ್ರಿ ಅಂಗಿ ಗೂಟಕ್ಕೇ ಉಳಿಯಿತು. ಅವನು ಹೋದ ಮೇಲೆ ಮನೆಯಲ್ಲಿ ಊಟದ ಹೊತ್ತಿಗೆ ಟೀವಿ ಹಚ್ಚುವುದು ರೂಢಿಯಾಯಿತು. ಟೀವಿಯಲ್ಲಿ ದಿನಾ ತೋಪು, ಟ್ಯಾಂಕು, ವಿಮಾನ. ನಮ್ಮಲ್ಲಿ ಇಷ್ಟು ಇವೆ, ಅವರಲ್ಲಿ ಅಷ್ಟು ಇವೆ ಎಂದು ಕೋಟು ಹಾಕಿದವನೊಬ್ಬ ಮೆಣಸಿನಕಾಯಿ ಮಾರುಕಟ್ಟೆಯ ಯಾರ್ಡಿನಲ್ಲಿ ಚೀಲ ಎಣಿಸುವವನಂತೆ ಹೇಳುತ್ತಿದ್ದ. ಆಯಿಯ ಊಟ ದಿನದಿಂದ ದಿನಕ್ಕೆ ಇಳಿಯಿತು. ಅರ್ಧ ರೊಟ್ಟಿ ಮುರಿದು ಹಾಲಿಗೆ ಹಾಕಿ, ಅದು ಕರಗಿದ ಮೇಲೂ ಮುಟ್ಟದೇ ಕೂರುತ್ತಿದ್ದಳು. ಆಯಿ ಉಣ್ಣದಿದ್ದರೆ ಅವ್ವ ಉಣ್ಣುವಂತಿಲ್ಲ, ಅವ್ವ ಉಣ್ಣದಿದ್ದರೆ ಚಿಗವ್ವ ಉಣ್ಣುವಂತಿಲ್ಲ. ಅಪ್ಪ ಮತ್ತು ನಾನು ಮಾತ್ರ ಕಳ್ಳರಂತೆ ಉಣ್ಣುತ್ತಿದ್ದೆವು. ಒಂದು ಸಂಜೆ ಟೀವಿಯಲ್ಲಿ ತೆಂಗಿನ ಮರದಷ್ಟು ಉದ್ದದ್ದೇನನ್ನೋ ಗಾಡಿಯ ಮೇಲೆ ಹೇರಿಕೊಂಡು ಹೋಗುತ್ತಿದ್ದರು.

“ಈ ಉದ್ದಂದೇನೋ ಮಲ್ಲಪ್ಪಾ?” ಎಂದು ಆಯಿ ಅಪ್ಪನನ್ನು ಕೇಳಿದಳು.

“ಕ್ಷಿಪಣಿ ಅಂತಾರಬೇ. ಇಲ್ಲಿಂದ ಬಿಟ್ರ ಸಾವಿರಾರು ಮೈಲಿ ಹೊಕ್ಕೈತಿ.”

“ಹೋಗಿ?”

“ಹೋಗಿ ಬೀಳತೈತಿ.”

“ಯಾರ ಮ್ಯಾಲ?”

ಅಪ್ಪನ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಆಗ ಬಾಗಿಲ ಮರೆಯಲ್ಲಿ ಕುಳಿತಿದ್ದ ಚಿಗವ್ವ, ಹಿರಿಯರ ಎದುರು ಬಾಯಿ ಬಿಡದ ಚಿಗವ್ವ, ಟೀವಿಯ ಕಡೆ ನೋಡುತ್ತಲೇ ಹೇಳಿದಳು.

“ಅತ್ತಿಯಾರ ಬಡದ ಖಡಕ್ ರೊಟ್ಟಿ ಬೀಸಿ ಒಗದ್ರ ಇದಕ್ಕಿಂತ ದೂರ ಹೊಕ್ಕೈತ್ರಿ, ಭಾವಾರ.”

ಆಯಿಯ ರೊಟ್ಟಿಯ ಗಟ್ಟಿತನ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ, ಯಾರೂ ಆಡದ ಮಾತು. ಅಜ್ಜ ಕೊನೆಯ ಹಲ್ಲು ಬಿದ್ದ ದಿನವೂ ಆಡಿರಲಿಲ್ಲವಂತೆ. ಅಂಥದ್ದರಲ್ಲಿ ನಿನ್ನೆ ಮೊನ್ನೆ ಬಂದ ಸೊಸೆ. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಯಿ ಹಾಲಿನ ಬಟ್ಟಲನ್ನು ಕೆಳಗಿಟ್ಟು ನಿಧಾನಕ್ಕೆ ತಿರುಗಿದಳು.

“ಹಂಗ? ಹಂಗಾರ ನೀ ಮಾಡಿದ ಜುಣಕದ ವಡಿ ಬಂದೂಕಿಗೆ ತುಂಬೂಣು. ಸರಕಾರಕ್ಕ ಗುಂಡರ ಉಳೀತಾವು.”

ಚಿಗವ್ವನ ಕಡಲೆಹಿಟ್ಟಿನ ವಡೆ ಎಷ್ಟು ಗಟ್ಟಿ ಎಂದು ಗೊತ್ತಿದ್ದ ಅಪ್ಪ ಮೊದಲು ನಕ್ಕ. ಅನ್ನ ನೆತ್ತಿಗೇರಿ ಅವ್ವ ಬೆನ್ನು ತಟ್ಟಬೇಕಾಯಿತು. ಆಯಿ ತಾನೇ ಆಡಿದ ಮಾತಿಗೆ ತಾನೇ ಖುಷಿಯಾಗಿ, ಬುಟ್ಟಿಗೆ ಕೈ ಹಾಕಿ ಇನ್ನೊಂದು ರೊಟ್ಟಿ ತೆಗೆದು ಟಕ್ಕನೆ ಮುರಿದಳು. ಕಾಕಾ ಹೋದ ಮೇಲೆ ಅವಳು ಎರಡನೆಯ ರೊಟ್ಟಿ ಮುಟ್ಟಿದ್ದು ಅದೇ ಮೊದಲು. ಚಿಗವ್ವ ಅದನ್ನು ನೋಡಿದಳು. ಅವಳು ನೋಡಿದ್ದನ್ನು ನಾನು ನೋಡಿದೆ. ಮರುದಿನ ಸಂಜೆ ಟೀವಿ ಹಚ್ಚುವ ಮೊದಲೇ ಚಿಗವ್ವ ಹೊಸ ಆಯುಧದೊಂದಿಗೆ ತಯಾರಾಗಿದ್ದಳು.

ಹೀಗೆ ನಮ್ಮ ಮನೆಯಲ್ಲಿ ಶಸ್ತ್ರಾಗಾರ ಶುರುವಾಯಿತು. ಊಟಕ್ಕೆ ಕುಳಿತವರೆಲ್ಲ ಒಂದೊಂದು ಹತಾರ ಹೇಳಬೇಕು. ಹೇಳದವರಿಗೆ ತುಪ್ಪವಿಲ್ಲ. ಅವ್ವ ಮಾತು ಕಡಿಮೆ, ಲೆಕ್ಕಾಚಾರ ಜಾಸ್ತಿ. ವೈರಿ ಸೈನಿಕರಿಗೆ ಒಬ್ಬೊಬ್ಬರಿಗೆ ಒಂದೊಂದು ಚೀಲ ಮೆಣಸಿನಕಾಯಿ ಕೊಟ್ಟು ತೊಟ್ಟು ಬಿಡಿಸಲು ಕೂರಿಸಬೇಕು ಎಂದಳು. ಸಂಜೆಯ ಹೊತ್ತಿಗೆ ಬೆರಳು ಉರಿದು ಬಂದೂಕು ಹಿಡಿಯುವುದಿರಲಿ, ಮೂಗು ತುರಿಸಿಕೊಳ್ಳಲೂ ಆಗುವುದಿಲ್ಲ. ಆ ಉರಿ ಗೊತ್ತಿದ್ದವಳು ಹೇಳಿದ ಮಾತು, ಎಲ್ಲರೂ ಒಪ್ಪಿದೆವು. ನಾನು ನಮ್ಮ ಲೆಕ್ಕದ ಮಾಸ್ತರರನ್ನು ಕಳಿಸೋಣ ಎಂದೆ. ಸಾಲೆಯ ಹುಡುಗರಿಗೆ ಮಾಸ್ತರರನ್ನು ಬಿಟ್ಟರೆ ಬೇರೆ ವೈರಿ ಇರುವುದಿಲ್ಲ ಎಂದು ಆಯಿ ನನ್ನ ತುಪ್ಪ ಅರ್ಧಕ್ಕೆ ಇಳಿಸಿದಳು. ಅಪ್ಪನ ಆಯುಧ ಎಲ್ಲಕ್ಕಿಂತ ದೊಡ್ಡದು, ನಿಂತೇ ಹೇಳಿದ.

“ಅವರ ಸೇನಾಪತಿನ್ನ ಮರ್ಯಾದೀಲೆ ಹಾವೇರಿಗೆ ಕರಸಬೇಕು. ಏಲಕ್ಕಿ ಮಾಲಿ ಹಾಕಬೇಕು. ಶಾಲು ಹೊದಸಬೇಕು. ಆಮ್ಯಾಲ ಸ್ವಾಗತ ಭಾಷಣ, ಪ್ರಾಸ್ತಾವಿಕ, ಅತಿಥಿಗಳ ಪರಿಚಯ, ಮುಖ್ಯ ಅತಿಥಿಗಳ ಎರಡ ಮಾತು. ಫ್ಯಾನ್ ಇರಬಾರದು. ವಂದನಾರ್ಪಣೆ ಬರೂದರಾಗ ಬರದ ಕೊಟ್ಟಿರತಾನ ನೋಡ್ರಿ, ನಿಮ್ಮ ಯಾವ ಗುಡ್ಡಾನೂ ನನಗ ಬ್ಯಾಡ ಅಂತ.”

ರಾಣೆಬೆನ್ನೂರಿನ ಸೋದರತ್ತೆಯನ್ನು ಗಡಿ ದಾಟಿಸುವ ಯೋಜನೆ ಚಿಗವ್ವನದು. ಅತ್ತೆಗೆ ಮದುವೆಯಾದ ಹುಡುಗಿ ಕಂಡರೆ ಒಂದೇ ಪ್ರಶ್ನೆ, ಏನಾದರೂ ವಿಶೇಷವಿದೆಯೇ ಎಂದು. ಅವಳು ಆ ಕಡೆ ಹೋಗಿ ಒಬ್ಬೊಬ್ಬ ಸೈನಿಕನನ್ನೂ ನಿಲ್ಲಿಸಿ ಮಕ್ಕಳೆಷ್ಟು, ಯಾಕಿಲ್ಲ, ಯಾವ ಡಾಕ್ಟರಿಗೆ ತೋರಿಸಿದಿರಿ ಎಂದು ಕೇಳಿದರೆ ಸಾಕು, ಠಾಣೆ ಖಾಲಿ. ಈ ಸುದ್ದಿ ಹೇಗೋ ಅತ್ತೆಗೇ ಮುಟ್ಟಿತು. ಸಿಟ್ಟು ಮಾಡಿಕೊಂಡು ಬಂದಳು ಎಂದು ನಾವು ಹೆದರಿದರೆ, ಒಳಗೆ ಬಂದವಳೇ ಕುಳಿತು, “ನಾ ಹೋಗಾಕ ತಯಾರದೀನಿ, ಆದ್ರ ಕಿಟಕಿ ಕಡೆ ಸೀಟ ಕೊಡಸ್ಬೇಕು” ಎಂದಳು.

ಆಯಿ ಇದಕ್ಕೆಲ್ಲ ಒಂದು ಕಟ್ಟಳೆ ಹಾಕಿದ್ದಳು. ಯಾವ ಆಯುಧದಿಂದಲೂ ಯಾರೂ ಸಾಯಬಾರದು. ಸತ್ತರೆ ಅದು ಆಯುಧವಲ್ಲ, ತುಪ್ಪವೂ ಇಲ್ಲ. ಒಮ್ಮೆ ಅಪ್ಪ ಹುರುಪಿನಲ್ಲಿ ಗಿರಣಿಯ ಒನಕೆಗಳನ್ನು ವಿಮಾನದಿಂದ ಇಳಿಬಿಡೋಣ ಎಂದಾಗ ಅವಳು ಗಂಭೀರವಾಗಿ ಕೈ ಅಡ್ಡ ಮಾಡಿದಳು.

“ಬ್ಯಾಡೋ. ಆ ಕಡೀನೂ ಒಬ್ಬಾಂವ ಅಡಗಿ ಮಾಡಕೋತ ಕುಂತಿರತಾನ. ಅವನ ತಲೀ ಮ್ಯಾಲ ಬಿದ್ದ್ರ?”

ನನಗೆ ಯುದ್ಧದ ಬಗ್ಗೆ ಆಮೇಲೆ ಯಾರು ಏನೇ ಹೇಳಲಿ, ಎಷ್ಟೇ ದೊಡ್ಡವರು ಮಾತಾಡಲಿ, ಮೊದಲು ಕಣ್ಣಿಗೆ ಬರುವುದು ಗಡಿಯಾಚೆ ಪಾತ್ರೆಯಲ್ಲಿ ಸೌಟು ತಿರುವುತ್ತ ಕುಳಿತ ಆ ಇನ್ನೊಬ್ಬ ಕಾಕಾನೇ. ಅವನಿಗೂ ಮೀಸೆ ಇದೆ ಎಂದೇ ನನ್ನ ನಂಬಿಕೆ.

ಮೆಣಸಿನಕಾಯಿಯ ಪುಡಿಯನ್ನು ಯಾರೂ ಯಾಕೆ ಹೇಳಲಿಲ್ಲ ಎನ್ನುತ್ತೀರಿ. ಹೇಳಿದೆವು, ಅದರಿಂದ ಮನೆಯೇ ಎರಡು ಹೋಳಾಯಿತು. ಬ್ಯಾಡಗಿ ಮೆಣಸಿನಕಾಯಿ ಪುಡಿಯ ಮೂಟೆಗಳನ್ನು ಗಾಳಿಗೆ ತೂರಿದರೆ ಸಾಕು ಎಂದು ಅಪ್ಪ ಎದೆಯುಬ್ಬಿಸಿ ಹೇಳಿದ. ಆಯಿ ತಲೆ ಅಲ್ಲಾಡಿಸಿದಳು. ನಮ್ಮ ಕಾಯಿಯ ಹೆಸರು ಬಣ್ಣಕ್ಕೆ, ಖಾರಕ್ಕಲ್ಲ. ಪುಡಿ ತೂರಿದರೆ ವೈರಿಗಳು ಕೆಂಪಗಾಗಿ ಮದುಮಕ್ಕಳಂತೆ ಕಾಣುತ್ತಾರೆ, ಅಷ್ಟೇ. ಕಣ್ಣು ಉರಿಯಬೇಕಾದರೆ ಗುಂಟೂರಿನದು ಬೇಕು. ಬ್ಯಾಡಗಿಯ ಗಿರಣಿಯ ಮನೆಯಲ್ಲಿ ಕುಳಿತು ಗುಂಟೂರಿನ ಹೆಸರು ತೆಗೆಯುವುದೆಂದರೆ ಬೀಗರ ಮನೆಯಲ್ಲಿ ಇನ್ನೊಂದು ಸಂಬಂಧ ಹೊಗಳಿದಂತೆ. ಅಪ್ಪನಿಗೆ ಖರೇನೇ ಸಿಟ್ಟು ಬಂತು.

“ಹೊರಗಿನ ಕಾಯಿ ಈ ಮನಿ ಹೊಸ್ತಲಾ ದಾಟೂದಿಲ್ಲಬೇ!”

“ಹಂಗಾರ ಆ ಹಿಂದಿನ ಖೋಲ್ಯಾಗ ತಾಡಪತ್ರಿ ಮುಚ್ಚಿಟ್ಟ ಚೀಲಾ ಏನಪಾ? ಅವೇನ ನಿಮ್ಮ ಮಾವನ ಮನಿಯಿಂದ ಬಂದಾವ?”

ಖಾರ ಸಾಲದು ಎನ್ನುವ ಗಿರಾಕಿಗಳಿಗೆ ಹಿಡಿಯಷ್ಟು ಬೆರೆಸಲು ಇಟ್ಟ ಗುಂಟೂರು ಕಾಯಿ ಅದು. ಓಣಿಗೆಲ್ಲ ಗೊತ್ತಿತ್ತು, ಅಪ್ಪ ಮಾತ್ರ ಗೊತ್ತಿಲ್ಲವೆಂದು ತಿಳಿದಿದ್ದ. ಆ ರಾತ್ರಿ ಅವನು ತುಪ್ಪವಿಲ್ಲದೆ ಉಂಡ. ಇಷ್ಟು ವರ್ಷಗಳ ಮೇಲೆ, ಮೊನ್ನೆ ಮೊನ್ನೆ ಗಡಿಯಲ್ಲಿ ಮತ್ತೆ ಬಿಗುವು ಹೆಚ್ಚಿದಾಗ ನನ್ನ ಮಗಳು ಮೊಬೈಲಿನಲ್ಲಿ ಒಂದಾದ ಮೇಲೊಂದು ಚೇಷ್ಟೆ ಓದಿ ಹೇಳಿದಳು. ಅಮ್ಮನ ಚಪ್ಪಲಿಯೇ ಕ್ಷಿಪಣಿ, ಹಾಸ್ಟೆಲಿನ ಉಪ್ಪಿಟ್ಟೇ ಬಾಂಬು. ನಾನೂ ನಕ್ಕೆ. ಆದರೆ ಇವೆಲ್ಲ ನಮ್ಮ ಒಲೆಯ ಮುಂದೆ ಎಂದೋ ತಯಾರಾಗಿದ್ದವು, ಅದೂ ಅಡಿಗೆಯವರಿಗೆ ಪೆಟ್ಟಾಗದಂತೆ ಎಂದು ಹೇಳಬೇಕೆನಿಸಿತು. ಇಂಥ ಹೊತ್ತಿನಲ್ಲಿ ನಗುವುದು ಸರಿಯೇ ಎಂದು ಕೇಳುವವರೂ ಇದ್ದಾರೆ. ಅವರ ಮನೆಯಿಂದ ಯಾರೂ ಗಡಿಗೆ ಹೋಗಿರಲಿಕ್ಕಿಲ್ಲ ಎಂದು ನಾನು ತಿಳಿದುಕೊಳ್ಳುತ್ತೇನೆ.

ಏಕೆಂದರೆ ಆ ವರ್ಷ ನಮ್ಮ ನಗು ಜೋರಾದಂತೆ ಫೋನು ಕಡಿಮೆಯಾಗಿತ್ತು. ಮೊದಲು ಒಂದು ರವಿವಾರ ತಪ್ಪಿತು, ಆಮೇಲೆ ರವಿವಾರಗಳೇ ಬಂದು ಹೋದವು. ಅಪ್ಪ ಫೋನು ಕೇಳಿಸದೇ ಹೋದೀತೆಂದು ಗಿರಣಿಯನ್ನು ನಡುನಡುವೆ ಸುಮ್ಮನೇ ನಿಲ್ಲಿಸುತ್ತಿದ್ದ. ಸಾಲಿನಲ್ಲಿ ಕುಳಿತ ಹೆಂಗಸರು ಚಿಗವ್ವನ ಮುಖ ನೋಡದೆ ತಮ್ಮ ಡಬ್ಬಿ ನೋಡುತ್ತಿದ್ದರು. ಚಿಗವ್ವ ಮಾತ್ರ ದಿನಾ ಸಂಜೆ ಹೊಸ ಹತಾರ ತರುತ್ತಿದ್ದಳು. ಆಯಿಯ ಗೊರಕೆ, ಹಟ ಹಿಡಿದ ನಮ್ಮ ಎಮ್ಮೆ, ಗುತ್ತಲದಿಂದ ಹಾವೇರಿಗೆ ಓಡುವ ಬಸ್ಸಿನ ಹಿಂದಿನ ಸೀಟು, ಒಂದನ್ನೂ ಬಿಡಲಿಲ್ಲ. ಅವಳು ಅದನ್ನು ಯಾವಾಗ ಹೊಂದಿಸುತ್ತಿದ್ದಳೋ, ರಾತ್ರಿ ನಿದ್ದೆ ಮಾಡುತ್ತಿದ್ದಳೋ ಇಲ್ಲವೋ ಎಂದು ಆಗ ನಮಗೆ ಹೊಳೆಯಲೇ ಇಲ್ಲ. ಮಂಗಳವಾರ ಮತ್ತು ಅಮಾವಾಸ್ಯೆಯ ದಿನ ಆಯಿ ಕಾಕಾನ ಫೋಟೋವನ್ನು ಗೋಡೆಯಿಂದ ಇಳಿಸಿ, ಅದಕ್ಕೆ ನಿವಾಳಿಸಿ ನೆದರು ತೆಗೆಯುತ್ತಿದ್ದಳು. ಕೆಂಡಕ್ಕೆ ಮೆಣಸಿನಕಾಯಿ ಹಾಕಿದವಳೇ ಹೊಗೆಯನ್ನು ನೋಡುತ್ತಿರಲಿಲ್ಲ, ಚಿಗವ್ವನ ಮುಖ ನೋಡುತ್ತಿದ್ದಳು. ಚಿಗವ್ವ ಕೆಮ್ಮುತ್ತಿದ್ದಳು. ಸೆರಗಿನಲ್ಲಿ ಬಾಯಿ ಮುಚ್ಚಿ, ಗೋಡೆ ಹಿಡಿದು ಬಗ್ಗಿ ಕೆಮ್ಮುತ್ತಿದ್ದಳು. ಆಯಿಯ ಹೆಗಲು ಇಳಿಯುತ್ತಿತ್ತು. ನನ್ನ ಕೂಸು ಸುಖವಾಗಿದ್ದಾನೆ ಎಂದು ಫೋಟೋದ ಗಾಜು ಒರೆಸಿ ಗೋಡೆಗೆ ತೂಗುಹಾಕಿ, ಅಂದು ರಾತ್ರಿ ನಿದ್ದೆ ಮಾಡುತ್ತಿದ್ದಳು. ಆ ವಾರದ ಅನ್ನ ಅವಳಿಗೆ ಇಳಿಯುತ್ತಿದ್ದದ್ದೇ ಆ ಕೆಮ್ಮಿನಿಂದ.

ಒಂದು ಅಮಾವಾಸ್ಯೆಯ ದಿನ ಗಿರಣಿ ಬಂದ್ ಇತ್ತು. ಯಂತ್ರ ತೊಳೆದು, ವಿಭೂತಿ ಹಚ್ಚಿ, ಕಾಯಿ ಒಡೆದು ಮುಂಬಾಗಿಲು ಹಾಕಿದ್ದೆವು. ಮಧ್ಯಾಹ್ನ ಟೀವಿಯಲ್ಲಿ, ಕಾಕಾ ಇದ್ದ ಕಡೆಯೇ ಗುಂಡಿನ ಚಕಮಕಿ ನಡೆದಿದೆ, ಕೆಲವರು ತೀರಿಕೊಂಡಿದ್ದಾರೆ, ಹೆಸರುಗಳು ಇನ್ನೂ ತಿಳಿದಿಲ್ಲ ಎಂದರು. ಅಪ್ಪ ಎದ್ದು ಟೀವಿ ಆರಿಸಿದ. ಅವ್ವ ಮೊರದಲ್ಲಿದ್ದ ಜೋಳವನ್ನು ಆರಿಸಿದ್ದನ್ನೇ ಮತ್ತೆ ಆರಿಸಿದಳು. ಸಂಜೆ ಯಾರೂ ಆಯುಧದ ಮಾತೆತ್ತಲಿಲ್ಲ, ತಟ್ಟೆಯನ್ನೂ ಹಾಕಲಿಲ್ಲ. ದೀಪ ಹಚ್ಚಿದ ಮೇಲೆ ಆಯಿ ಫೋಟೋ ಇಳಿಸಿ ಮಣೆಯ ಮೇಲಿಟ್ಟಳು. ನಿವಾಳಿಸುವಾಗ ಅವಳ ಮುಷ್ಟಿಯಿಂದ ಸಾಸಿವೆ ಉದುರಿತು. ಕೆಂಡಕ್ಕೆ ಹಾಕಿದಳು. ಚಟಚಟ ಎಂದು ಹೊಗೆ ಎದ್ದಿತು. ನಾವೆಲ್ಲ ಚಿಗವ್ವನ ಕಡೆ ನೋಡಿದೆವು.

ಚಿಗವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಹೊಗೆ ಅವಳ ಮುಖಕ್ಕೇ ಹೋಗುತ್ತಿತ್ತು. ಅವಳು ಕೆಮ್ಮಲಿಲ್ಲ.

“ಕಾಯಿ ಕಡಿಮಿ ಆತು ಕಾಣತೈತಿ,” ಎಂದು ಆಯಿ ಇನ್ನೊಂದು ಹಿಡಿ ಹಾಕಿದಳು. ಆಮೇಲೆ ಇನ್ನೊಂದು. ದೀಪ ಮಸುಕಾಗುವಷ್ಟು ಹೊಗೆಯಾಯಿತು. ಚಿಗವ್ವ ಸೆರಗನ್ನು ಬಾಯಿಗೆ ಹಿಡಿದು ಬಗ್ಗಿದಳು, ಕೆಮ್ಮು ಹೊರಬರಲಿಲ್ಲ.

“ಶೋಭಾ,” ಎಂದಳು ಅವ್ವ, ಬೇಡಿಕೊಳ್ಳುವ ದನಿಯಲ್ಲಿ.

ಆಯಿ ಫೋಟೋವನ್ನು ಮಡಿಲಿಗೆ ಎಳೆದುಕೊಂಡು ನೆಲಕ್ಕೆ ಕುಸಿದಳು. “ಮುಗೀತು. ನನ್ನ ಕೂಸಿಗೆ ನೆದರಾತು.” ಅದನ್ನು ನೋಡಿ ನನಗೆ ಅಳು ಬಂತು. ಚಿಗವ್ವ ಬಾಗಿಲು ಬಿಟ್ಟು ಓಡಿ ಬಂದು ಅವಳ ಮುಂದೆ ಕುಳಿತಳು.

“ಇಲ್ರಿ ಅತ್ತಿ, ಇಲ್ರಿ. ನೆದರಲ್ಲ ಅದು. ನನಗ ಘಾಟ ಹತ್ತಾಕತ್ತಿಲ್ರಿ.”

“ಯಾವಾಗಿಂದ?”

“ಭಾಳ ದಿನಾ ಆತ್ರಿ. ಬನ್ನಿ ಹಬ್ಬಕ್ಕಿಂತ ಮೊದಲಿಂದ. ನನ್ನ ಮೂಗೂ ನಿಮ್ಮ ಮನಿದಾಗೇತ್ರಿ.”

“ಮತ್ತ ಇಷ್ಟ ದಿನಾ ಕೆಮ್ಮಿದ್ದು?”

“ನೀವು ನನ್ನ ಮಾರಿ ನೋಡತಿದ್ರಲ್ರಿ,” ಎಂದಳು ಚಿಗವ್ವ. “ಅದಕ್ಕ ಕೆಮ್ಮತಿದ್ದೆ.”

ಅಷ್ಟು ದಿನ ಮಗ ಸುಖವಾಗಿದ್ದಾನೆ ಎಂದು ಹೇಳುತ್ತಿದ್ದದ್ದು ಕೆಂಡವಲ್ಲ, ಈ ಹುಡುಗಿ. ಆಯಿಗೆ ಸಿಟ್ಟು ಬರುತ್ತದೆ, ಮನೆ ಬಿಟ್ಟು ಗುತ್ತಲಕ್ಕೆ ನಡೆ ಎನ್ನುತ್ತಾಳೆ ಎಂದು ನಾನು ಅವ್ವನ ಸೆರಗು ಹಿಡಿದುಕೊಂಡೆ.

“ಹಂಗಾರ ಇವತ್ತ್ಯಾಕ ಕೆಮ್ಮಲಿಲ್ಲವಾ?”

“ಬರಲಿಲ್ರಿ. ಎಷ್ಟ ಮಾಡಿದ್ರೂ ಬರಲಿಲ್ಲ.” ಚಿಗವ್ವನ ದನಿ ಒಡೆಯಿತು. “ದಿನಾ ನಾನ ಕೆಮ್ಮಬೇಕೇನ್ರಿ? ದಿನಾ ನಾನ ನಗಸಬೇಕೇನ್ರಿ? ನನಗೂ ಹೆದರಿಕಿ ಬರತೈತಿ. ನನಗ ಯಾರ ಕೆಮ್ಮತಾರು?”

ಮೊಣಕಾಲಿಗೆ ಹಣೆ ಇಟ್ಟು ಅವಳು ಅತ್ತಳು. ನಮ್ಮ ಮನೆಗೆ ಬಂದ ಮೇಲೆ ಅವಳು ಅತ್ತದ್ದನ್ನು ನಾನು ಮೊದಲ ಸಲ ನೋಡಿದೆ. ಅಪ್ಪ ಎದ್ದು ಹೊರಗೆ ಹೋಗಲೋ ಇಲ್ಲೇ ಇರಲೋ ತಿಳಿಯದೆ ಟೀವಿಯ ಪಕ್ಕ ನಿಂತ. ಆಗ ಆಯಿ ಕೆಮ್ಮಿದಳು.

ಕೆಮ್ಮಿದಳು ಎನ್ನುವುದು ದೊಡ್ಡ ಮಾತಾಯಿತು. ಆ ಮೂಗು, ಆ ಗಂಟಲು ಖಾರದ ಗಾಳಿಗೆ ಕೆಮ್ಮಿ ಯಾವ ಕಾಲವಾಗಿತ್ತೋ. ಹೇಗೆ ಕೆಮ್ಮಬೇಕೆಂಬುದೇ ಅವಳಿಗೆ ಮರೆತುಹೋಗಿತ್ತು. ಮೊದಲು ಕೊಕ್ಕೋ ಎಂದು ಕೋಳಿ ಕೂಗಿದಂತೆ ಒಂದು ಸದ್ದು ಬಂತು. ತಾನೇ ಬೆಚ್ಚಿ, ಎದೆ ನೀವಿಕೊಂಡು, ಕುತ್ತಿಗೆ ಚಾಚಿ ಮತ್ತೊಮ್ಮೆ ಪ್ರಯತ್ನಿಸಿದಳು. ಈ ಸಲ ಗಿರಣಿಯ ಬೆಲ್ಟು ಜಾರಿದಂತಾಯಿತು. ಅಪ್ಪ ಬಾಯಿ ತೆರೆದು ನೋಡಿದ. ಅವ್ವನಿಗೆ ಮಾತ್ರ ತಕ್ಷಣ ತಿಳಿಯಿತು. ಅವಳು ಸೆರಗು ಅಡ್ಡ ಹಿಡಿದು ಮರ್ಯಾದೆಯಿಂದ ಕೆಮ್ಮಿದಳು. ಆಮೇಲೆ ಅಪ್ಪ, ಸಭೆಯಲ್ಲಿ ಮೈಕಿನ ಮುಂದೆ ನಿಂತವನಂತೆ, ಗಟ್ಟಿಯಾಗಿ. ನಾನೂ ಅಳುತ್ತಲೇ ಕೆಮ್ಮಿದೆ. ಮುಚ್ಚಿದ ಮನೆಯಲ್ಲಿ, ಹೊಗೆಯ ನಡುವೆ, ಘಾಟು ಹತ್ತದ ನಾವೆಲ್ಲ ಸುತ್ತ ಕುಳಿತು ಕೆಮ್ಮುತ್ತಿದ್ದೆವು. ಚಿಗವ್ವ ಮೊಣಕಾಲಿನಿಂದ ತಲೆ ಎತ್ತಿದಳು. ಆಯಿಯ ಮುಖ ನೋಡಿದಳು. ಅಳುವಿನ ನಡುವೆಯೇ ಅವಳಿಗೆ ತಡೆಯಲಾರದ ನಗು ಬಂತು.

“ಇದನ್ನ ಎಲ್ಲಿ ಮುಚ್ಚಿಟ್ಟಿದ್ರಿ ಅತ್ತಿ? ಇದೊಂದ ಗಡಿಗೆ ಕಳಿಸಿದ್ರ ಎರಡೂ ಕಡ್ಯಾವ್ರು ತಂಬೂ ಕಿತಗೊಂಡ ಮನಿಗೆ ಹೋಗತಿದ್ರಲ್ರಿ.”

ಆಯಿ ತನ್ನ ಸೆರಗಿನಿಂದ ಅವಳ ಕಣ್ಣೊರೆಸಿದಳು. ಒರೆಸಿ, ಅವಳ ಗದ್ದ ಹಿಡಿದು ಕೇಳಿದಳು.

“ಇನ್ನೊಮ್ಮೆ ಕೆಮ್ಮಲೇನ?”

“ಕೆಮ್ರಿ,” ಎಂದಳು ಚಿಗವ್ವ.